ನೆನಪಿನ ತೋಪು: ಊರು ಸೇರಿ ಗಿಡವನ್ನೂ ಕಲ್ಲನ್ನೂ ನೆಡುವ ಕ್ರಮ

1982ರಲ್ಲಿ ಕಲಾವಿದ ಯೋಸೆಫ್ ಬಾಯ್ಸ್ ಏಳು ಸಾವಿರ ಬಸಾಲ್ಟ್ ಕಲ್ಲುಗಳನ್ನು ತರಿಸಿ, ಜರ್ಮನಿಯ ಕಾಸೆಲ್ ನಗರದ ಮ್ಯೂಸಿಯಮ್ಮಿನ ಮುಂದೆ ರಾಶಿ ಹಾಕಿಸಿದರು. ಷರತ್ತು ಒಂದೇ: ಊರಲ್ಲಿ ಒಂದು ಗಿಡ ನೆಟ್ಟರೆ ಒಂದು ಕಲ್ಲು ರಾಶಿಯಿಂದೆದ್ದು ಆ ಗಿಡದ ಪಕ್ಕ ನಿಲ್ಲಬೇಕು. ಎಲ್ಲಿ ನೆಡಬೇಕೆಂದು ಶಾಲೆಗಳು, ಬಡಾವಣೆಯ ಸಂಘಗಳು, ನಿವಾಸಿಗಳೇ ಸೂಚಿಸಿದರು. ಒಂದು ಗಿಡ, ಒಂದು ಕಲ್ಲಿನ ಜೋಡಿಗೆ 500 ಮಾರ್ಕ್ (ಆಗಿನ ಜರ್ಮನ್ ಹಣ) ವಂತಿಗೆ. ರಾಶಿ ಕರಗಲು ಐದು ವರ್ಷ ಹಿಡಿಯಿತು. 1986ರಲ್ಲಿ ಬಾಯ್ಸ್ ತೀರಿಕೊಂಡರು. ಮರುವರ್ಷ ಕೊನೆಯ ಗಿಡವನ್ನು ಅವರ ಮಗ ನೆಟ್ಟರು. ಕೆಲಸ ಎಷ್ಟು ಬಾಕಿಯಿದೆ ಎಂಬುದು ಅಷ್ಟೂ ದಿನ ದಾರಿಹೋಕರ ಕಣ್ಣೆದುರಿಗೇ ಬಿದ್ದಿತ್ತು. ಆ ಕಲಾಕೃತಿಯ ಜೀವ ಇರುವುದು ಅಲ್ಲಿ.

ನಮ್ಮ ಹಳ್ಳಿಗಳಲ್ಲಿ ಗುಂಡುತೋಪು, ಅಂದರೆ ಊರಿಗೆಲ್ಲ ಸೇರಿದ ಮರಗಳ ತೋಪು, ಬೆಳೆಸುವ ರೂಢಿ ಇತ್ತು, ಸತ್ತವರಿಗೆ ಕಲ್ಲು ನಿಲ್ಲಿಸುವ ರೂಢಿಯೂ ಇತ್ತು. ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ಬೇಟೆನಾಯಿಗೂ ಹತ್ತನೆಯ ಶತಮಾನದಲ್ಲಿ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ್ದಾರೆ. ಎರಡು ರೂಢಿಗಳನ್ನೂ ಕೂಡಿಸಿ, ಕಾಸೆಲ್‌ನ ರಾಶಿಯ ಉಪಾಯವನ್ನು ಒಂದು ತಿದ್ದುಪಡಿಯೊಂದಿಗೆ ತೆಗೆದುಕೊಂಡರೆ ಊರಿನ ನೆನಪಿನ ತೋಪು ಆಗುತ್ತದೆ. ತಿದ್ದುಪಡಿ ಇಷ್ಟು: ಗಿಡ ನೆಟ್ಟ ದಿನ ಕಲ್ಲು ಕದಲಬಾರದು. ಒಂದು ಬೇಸಿಗೆ ದಾಟಿದ ಗಿಡಕ್ಕೆ ಮಾತ್ರ ಕಲ್ಲು.

ಇದಕ್ಕೆ ಕಾರಣವಿದೆ. ತೀರಿಹೋದವರ ಹೆಸರಿನ ಫಲಕವನ್ನು ಎಳೆಗಿಡಕ್ಕೇ ಕಟ್ಟಿದರೆ, ಏಪ್ರಿಲ್‌ನಲ್ಲಿ ಅದು ಒಣಗಿದಾಗ ಆ ಮನೆಯವರಿಗೆ ಮತ್ತೊಂದು ಸಾವು ಕಂಡಂತಾಗುತ್ತದೆ. ಹೆಸರು ಕಲ್ಲಿಗೆ ಸೇರಲಿ. ಗಿಡ ಸತ್ತರೆ ಬೇರೆ ಗಿಡ ನೆಡಬಹುದು.

ಜಾಗ, ಕಾಗದ, ಹೆಸರುಪಟ್ಟಿ

ಮೊದಲು ಕಂದಾಯ ದಾಖಲೆಯಲ್ಲಿ ಊರಿಗೆ ಗುಂಡುತೋಪು ಇದೆಯೇ ನೋಡಿ. ಎಷ್ಟೋ ಕಡೆ ಕಾಗದದಲ್ಲಿ ತೋಪು ಇರುತ್ತದೆ, ನೆಲದಲ್ಲಿ ತಿಪ್ಪೆ ಇರುತ್ತದೆ. ಇಲ್ಲದಿದ್ದರೆ ಶಾಲೆಯ ಅಂಗಳ, ಸ್ಮಶಾನದ ಅಂಚು, ಪಂಚಾಯಿತಿಯ ಖಾಲಿ ಜಾಗ. ಕೆರೆ ಏರಿ ಬೇಡ: ದೊಡ್ಡ ಮರದ ಬೇರು ಕೊಳೆತ ಜಾಗದಲ್ಲಿ ನೀರು ಜಿನುಗಿ ಏರಿ ದುರ್ಬಲವಾಗುತ್ತದೆ. ವಿದ್ಯುತ್ ತಂತಿಯ ಕೆಳಗೂ ಬೇಡ. ಹತ್ತು ವರ್ಷದ ನಂತರ ಕೊಂಬೆ ಕಡಿಯುವವರು ಕಲ್ಲಿನ ಮೇಲಿನ ಹೆಸರು ಓದುವುದಿಲ್ಲ. ಪಂಚಾಯಿತಿ ಒಪ್ಪಿಗೆಯನ್ನು ಬಾಯಿಮಾತಲ್ಲಿ ಬಿಡದೆ ನಡಾವಳಿಯಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಅಧ್ಯಕ್ಷರು ಬದಲಾದಾಗ ಅದೇ ಆಧಾರ.

ಮೂವತ್ತು ಅಡಿ ಅಂತರದಲ್ಲಿ ಎಕರೆಗೆ 48 ಗಿಡ ಹಿಡಿಯುತ್ತವೆ. ಓಡಾಡಲು ದಾರಿ, ನಡುವೆ ಕೂರುವ ಜಾಗ ಬಿಟ್ಟರೆ 40. ಹೆಚ್ಚು ಹೆಸರುಗಳಿವೆ ಎಂದು ಹತ್ತಡಿಗೊಂದು ನೆಟ್ಟರೆ ಮುಂದೆ ಯಾರದೋ ಹೆಸರಿನ ಮರವನ್ನು ಕಡಿಯಬೇಕಾಗುತ್ತದೆ. ಒಂದು ಮರಕ್ಕೆ ಎರಡು ಮೂರು ಕಲ್ಲು ನಿಲ್ಲಿಸುವುದು ವಾಸಿ.

ಹೆಸರುಪಟ್ಟಿ ಈ ಕೆಲಸದ ಸೂಕ್ಷ್ಮವಾದ ಭಾಗ, ಜಗಳವಾದ ಊರಲ್ಲಂತೂ ಇನ್ನೂ ಸೂಕ್ಷ್ಮ. ಸಮಿತಿಯಲ್ಲಿ ಪ್ರತಿ ಕೇರಿಯಿಂದ ಇಬ್ಬರಿರಲಿ, ಅವರಲ್ಲಿ ಒಬ್ಬರು ಹೆಂಗಸು. ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿ. ಕುಲ, ಬಿರುದು, ಹುದ್ದೆ ಬೇಡ. ಕಲ್ಲಿನ ಮೇಲೆ ಹೆಸರು, ಹುಟ್ಟಿದ ಮತ್ತು ತೀರಿದ ವರ್ಷ ಸಾಕು. ಹೇಗೆ ಸತ್ತರು, ಯಾರಿಂದ ಸತ್ತರು ಎಂದು ಕೆತ್ತಿಸಿದರೆ ತೋಪು ದೂರುಪತ್ರವಾಗುತ್ತದೆ.

ಯಾವ ಗಿಡ

ಬಯಲುಸೀಮೆಗೆ ಹುಣಸೆ, ಹೊಂಗೆ, ಬೇವು, ನೀರಿನ ಪಸೆ ಇರುವಲ್ಲಿ ನೇರಳೆ, ಹೊಳೆಮತ್ತಿ. ಮಲೆನಾಡು, ಕರಾವಳಿಗೆ ಹಲಸು, ಸಂಪಿಗೆ, ರೆಂಜೆ. ಗುಲ್‌ಮೊಹರ್ ಬೇಗ ಬೆಳೆದು ಚೆಂದ ಕಾಣುತ್ತದೆ, ಮಳೆಗಾಳಿಗೆ ಮುರಿದೂ ಬೀಳುತ್ತದೆ. ನೀಲಗಿರಿ, ಅಕೇಶಿಯಾ ಈ ಕೆಲಸಕ್ಕಲ್ಲ. ಅರಳಿಮರದ ಬಗ್ಗೆ ಒಂದು ಮಾತು: ಅದಕ್ಕೆ ಕಟ್ಟೆ, ನಾಗರಕಲ್ಲು, ಪೂಜೆ ತಾವಾಗಿಯೇ ಬರುತ್ತವೆ. ಎಲ್ಲ ಮತದವರೂ ತಮ್ಮದೆಂದು ಕೂರಬೇಕಾದ ತೋಪಿನಲ್ಲಿ ಅದನ್ನು ಬಿಟ್ಟು ಹುಣಸೆಯನ್ನೋ ಹೊಂಗೆಯನ್ನೋ ನೆಡುವುದು ಜಾಣತನ.

ಅಣುಬಾಂಬಿಗೆ ಸಿಕ್ಕಿಯೂ ಉಳಿದ ಮರಗಳ ಬೀಜಗಳನ್ನು ಹಿರೋಷಿಮಾದವರು ಬೇರೆ ದೇಶಗಳಿಗೆ ಕಳಿಸುತ್ತಾರೆ. ಇಲ್ಲಿಯೂ ಹಾಗೆ ಮಾಡಲು ಸಾಧ್ಯ: ತೀರಿದವರ ಹಿತ್ತಲಿನ, ಹೊಲದ ಬದುವಿನ ಮರದಿಂದ ಬೀಜ ತನ್ನಿ. ಹುಣಸೆಬೀಜ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಬಿತ್ತುವ ಮುಂಚೆ ಒಂದು ರಾತ್ರಿ ನೆನೆಹಾಕಿ. ಬೇವು, ನೇರಳೆ, ಹಲಸಿನ ಬೀಜಗಳನ್ನು ಹಣ್ಣಿನಿಂದ ತೆಗೆದ ಒಂದೆರಡು ವಾರದೊಳಗೆ ಬಿತ್ತದಿದ್ದರೆ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ಪ್ರತಿ ಹೆಸರಿಗೆ ಕನಿಷ್ಠ ಐದು ಸಸಿಚೀಲಗಳಲ್ಲಿ ಬಿತ್ತಿ. ನಾಲ್ಕೈದು ಅಡಿ ಎತ್ತರದ ಗಿಡವಾಗಲು ಎರಡು ವರ್ಷ ಬೇಕು, ನಡುವೆ ಒಮ್ಮೆ ದೊಡ್ಡ ಚೀಲಕ್ಕೆ ಬದಲಿಸಬೇಕು. ಅಷ್ಟು ವ್ಯವಧಾನ ಇಲ್ಲದವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಜನವರಿಯಲ್ಲೇ ಬೇಡಿಕೆ ಕೊಡಲಿ. ಜೂನ್‌ನಲ್ಲಿ ಹೋದರೆ ಉಳಿದ ಬಡಕಲು ಗಿಡವೇ ಗತಿ. ಬೇಕಾದ್ದಕ್ಕಿಂತ ಕಾಲುಭಾಗ ಹೆಚ್ಚು ತೆಗೆದುಕೊಳ್ಳಿ.

ಗುಂಡಿ

ಏಪ್ರಿಲ್–ಮೇ ತಿಂಗಳಲ್ಲಿ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿಸಿ. ಗರಸು ನೆಲವಾದರೆ ಮೂರಡಿ. ಮೇಲ್ಮಣ್ಣು ಒಂದು ಕಡೆ, ಕೆಳಗಿನ ಮಣ್ಣು ಇನ್ನೊಂದು ಕಡೆ ಹಾಕಿಸಿ, ಮೂರ್ನಾಲ್ಕು ವಾರ ಬಿಸಿಲಿಗೆ ಬಿಡಿ. ತುಂಬುವಾಗ ಎರಡು ಪಾಲು ಮೇಲ್ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಗೆದ್ದಲು ತಡೆಯಲು ಅರ್ಧ ಕಿಲೋ ಬೇವಿನಹಿಂಡಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳ ಬಂದು ಬೇರು ತಿನ್ನುತ್ತದೆ. ಎರೆನೆಲದಲ್ಲಿ ನೀರು ನಿಲ್ಲುತ್ತದೆ, ಆದ್ದರಿಂದ ಗುಂಡಿ ತುಂಬಿದ ಮೇಲೆ ಸುತ್ತಲ ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಬರಲಿ.

ನೆಡುವ ದಿನ

ಪಂಚಾಂಗಕ್ಕಿಂತ ಮೊದಲು ಮಣ್ಣು ನೋಡಿ. ಗುಂಡಿಯ ಮಣ್ಣಲ್ಲಿ ಮೊಣಕೈವರೆಗೆ ಕೈ ಇಳಿಸಿದಾಗ ಬುಡದಲ್ಲೂ ತೇವ ಸಿಕ್ಕಬೇಕು. ಮೊದಲ ಮಳೆಗೇ ನೆಟ್ಟು, ಆಮೇಲೆ ಎರಡು ವಾರ ಮೋಡ ಕೈಕೊಟ್ಟರೆ ಗಿಡ ಸೊರಗುತ್ತದೆ.

ಪ್ರತಿ ಗಿಡಕ್ಕೆ ನಾಲ್ಕು ಜನ, ಹತ್ತು ಗಿಡಕ್ಕೆ ಕೆಲಸ ಬಲ್ಲ ಒಬ್ಬ ರೈತ ಅಥವಾ ರೈತಮಹಿಳೆ. ನಾಲ್ವರಲ್ಲಿ ಇಬ್ಬರು ಆ ಹೆಸರಿನ ಮನೆಯವರು, ಇನ್ನಿಬ್ಬರು ಬೇರೆ ಕೇರಿಯವರು. ಊರಲ್ಲಿ ಮನಸ್ತಾಪವಿದ್ದರೆ ಎದುರು ಪಕ್ಷದವರು ಗುಂಡಿ ಬಗೆದು ಮಣ್ಣು ಎಳೆಯಲಿ, ಮನೆಯವರು ಗಿಡ ಹಿಡಿಯಲಿ. ಭಾಷಣಕ್ಕಿಂತ ಇದೇ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಯಾರನ್ನೂ ಒತ್ತಾಯಿಸಬೇಡಿ. ಒಲ್ಲದವರ ಮನೆಯ ಗಿಡ ಮುಂದಿನ ಮಳೆಗಾಲಕ್ಕೆ ಇರಲಿ. ಪ್ರತಿ ಮನೆಯಿಂದ ಒಂದು ಬೊಗಸೆ ಮಣ್ಣು ತಂದು ಮಂಕರಿಯಲ್ಲಿ ಬೆರೆಸಿ, ಎಲ್ಲ ಗುಂಡಿಗೂ ಹಂಚಿ. ಗಣ್ಯರು ಬಂದರೆ ಅವರೂ ನಾಲ್ವರಲ್ಲಿ ಒಬ್ಬರಾಗಲಿ, ಹಾರೆ ಹಿಡಿದು ಫೋಟೊ ತೆಗೆಸಿಕೊಳ್ಳುವುದಕ್ಕೆಂದೇ ಗಿಡ ಮೀಸಲಿಡಬೇಡಿ.

ಚೀಲವನ್ನು ಬ್ಲೇಡಿನಿಂದ ಸೀಳಿ, ಹೆಂಟೆ ಒಡೆಯದಂತೆ ತೆಗೆಯಿರಿ. ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಆ ಸುರುಳಿಯನ್ನು ಕತ್ತರಿಸಿ. ಹಾಗೇ ನೆಟ್ಟರೆ ಐದಾರು ವರ್ಷದ ಮೇಲೆ ಬೇರು ಬುಡವನ್ನೇ ಬಿಗಿದು, ಚೆನ್ನಾಗಿದ್ದ ಮರ ಗಾಳಿಗೆ ಉರುಳುತ್ತದೆ. ಚೀಲದಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ನೆಲದಲ್ಲೂ ಅಲ್ಲಿಯವರೆಗೇ. ಕಾಂಡ ಹೂತರೆ ಕೊಳೆಯುತ್ತದೆ. ಕಾಲಿನಿಂದ ಅದುಮಿ, ಪಾತಿ ಕಟ್ಟಿ, ಮಳೆ ಬರುತ್ತಿದ್ದರೂ ಒಂದು ಕೊಡ ನೀರು ಹಾಕಿ. ಗಾಳಿ ಬೀಸುವ ಕಡೆ ಗೂಟ ಹೊಡೆದು, ಹಳೆ ಬಟ್ಟೆಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಹಗ್ಗ ತೊಗಟೆ ಕೊಯ್ಯುತ್ತದೆ. ಸುತ್ತ ಐದಡಿ ಎತ್ತರದ ಬಿದಿರು ಬೇಲಿ, ಹೊರಗೆ ಜಾಲಿಮುಳ್ಳು.

ಚಿತಾಭಸ್ಮ ಹಾಕುತ್ತೇವೆಂದು ಕೆಲವರು ಕೇಳುತ್ತಾರೆ. ಅದರಲ್ಲಿ ಉಪ್ಪು, ಕ್ಷಾರ ಹೆಚ್ಚು, ಎಳೆಬೇರಿಗೆ ಸೋಕಿದರೆ ಸುಡುತ್ತದೆ. ಒಂದು ಚಿಟಿಕೆಯಷ್ಟನ್ನು ಪಾತಿಯ ಹೊರಗಿನ ಮಣ್ಣಲ್ಲಿ ಬೆರೆಸಬಹುದು. ದೀಪ, ಕರ್ಪೂರ, ಎಡೆ ಬುಡದಲ್ಲಿ ಬೇಡ. ಒಣಹುಲ್ಲಿಗೆ ಬೆಂಕಿ ತಗಲುತ್ತದೆ, ಎಡೆಗೆ ಹೆಗ್ಗಣ ಬರುತ್ತದೆ.

ನೀರು

ಜುಲೈನಲ್ಲಿ ಎಲ್ಲರೂ ಇರುತ್ತಾರೆ, ಮಾರ್ಚ್‌ನಲ್ಲಿ ಯಾರೂ ಇರುವುದಿಲ್ಲ. ಮಾಗಡಿ ಸೀಮೆಯ ಹುಲಿಕಲ್–ಕುದೂರು ರಸ್ತೆಯ ಆಲದ ಸಾಲು ಉಳಿದದ್ದು ಸಾಲುಮರದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಕೊಡದಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಕಾದದ್ದರಿಂದ.

ಮಳೆ ನಿಂತ ಮೇಲೆ ಮೊದಲ ವರ್ಷ ವಾರಕ್ಕೊಮ್ಮೆ ಗಿಡಕ್ಕೆ 20 ಲೀಟರ್. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೆಯೇ ಹರಡಿ ಬಿಸಿಲಿಗೆ ಸಿಕ್ಕುತ್ತದೆ. 40 ಗಿಡಕ್ಕೆ ವಾರಕ್ಕೆ 800 ಲೀಟರ್, ಅಂದರೆ ಟ್ರ್ಯಾಕ್ಟರಿನಲ್ಲಿ ಒಂದು ಸಾವಿರ ಲೀಟರಿನ ಟ್ಯಾಂಕು ಸಾಕು. ಎರಡನೇ ವರ್ಷ ಹದಿನೈದು ದಿನಕ್ಕೊಮ್ಮೆ, ಮೂರನೇ ವರ್ಷ ಮಾರ್ಚ್‌ನಿಂದ ಮೇವರೆಗೆ ಮಾತ್ರ. ಬುಡದಿಂದ ನಾಲ್ಕು ಬೆರಳು ಬಿಟ್ಟು ಸುತ್ತ ಮೂರಿಂಚು ದಪ್ಪ ತರಗೆಲೆ ಹೊದಿಸಿ. ಸರದಿಯನ್ನು ಮನೆಗಳಿಗೆ ಹಂಚುವಾಗ ಒಂದು ಮನೆಗೆ ಬೇರೊಂದು ಮನೆಯ ಹೆಸರಿನ ಗಿಡಗಳನ್ನು ಕೊಡಿ. ತಮ್ಮವರ ಗಿಡಕ್ಕೆ ಹೇಗೂ ಹೋಗುತ್ತಾರೆ, ಹಾಗಾಗಿ ಎರಡು ಕಣ್ಣು ಕಾಯುತ್ತವೆ.

ಕಲ್ಲು

ಸ್ಥಳೀಯ ಕಲ್ಲನ್ನೇ ತೆಗೆದುಕೊಳ್ಳಿ. ಕೋಲಾರ, ತುಮಕೂರು ಕಡೆ ಬೇಲಿಗೆ ಹೂಳುವ ಆರಡಿ ಕಲ್ಲುಕಂಬ ಸೊಗಸಾಗಿ ಒದಗುತ್ತದೆ: ಆರಿಂಚು ಅಗಲ, ನಾಲ್ಕಿಂಚು ದಪ್ಪದ್ದು ಸುಮಾರು 75 ಕಿಲೋ ತೂಗುತ್ತದೆ, ನಾಲ್ವರು ಹೊರಬಹುದು. ಕಲಬುರಗಿಯಲ್ಲಿ ಶಹಾಬಾದ್ ಕಲ್ಲು. ಕರಾವಳಿಯ ಮುರಕಲ್ಲಿನಲ್ಲಿ ಅಕ್ಷರ ನಿಲ್ಲುವುದಿಲ್ಲ, ಅದಕ್ಕೆ ಕರಿಕಲ್ಲಿನ ಬಿಲ್ಲೆ ಕೂರಿಸಬೇಕು.

ಅಕ್ಷರ ಒಂದೂವರೆ ಇಂಚಿಗಿಂತ ಚಿಕ್ಕದಾದರೆ ಒತ್ತಕ್ಷರಗಳು ಕೂಡಿಕೊಂಡುಬಿಡುತ್ತವೆ. ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಂಡ ‘ಲಕ್ಷ್ಮಮ್ಮ’ ಕಲ್ಲಿನ ಮೇಲೆ ಕೆಳಗಿನ ಸಾಲಿನ ಇಸವಿಗೆ ತಾಗುತ್ತದೆ. ಎರಡು ಮಳೆಗಾಲದ ಪಾಚಿ ತುಂಬಿದ ಮೇಲೆ ಒತ್ತು ಯಾವುದು, ಅಂಕಿ ಯಾವುದು ತಿಳಿಯುವುದಿಲ್ಲ. ಸಾಲುಗಳ ನಡುವೆ ಒಂದು ಅಕ್ಷರದಷ್ಟು ಎಡೆ ಬಿಡಿಸಿ. ಉಳಿಯಿಂದ ಓರೆಯಾಗಿ ಒಳಗಿಳಿಸಿ ಕೆತ್ತಿಸಿ. ಬರೀ ಬಣ್ಣದಲ್ಲಿ ಬರೆಸಿದ್ದು ಬಿಸಿಲಿಗೆ ಎದ್ದುಹೋಗುತ್ತದೆ. ಕಲ್ಲುಕುಟಿಗರಿಗೆ ಕೊಡುವ ಮುಂಚೆ ಮನೆಯವರಿಂದಲೇ ಹೆಸರು ಬರೆಸಿ ಸಹಿ ಹಾಕಿಸಿಕೊಳ್ಳಿ. ಕೆತ್ತಿದ ಕಾಗುಣಿತ ತಿದ್ದಲಾಗದು.

ಕೆತ್ತಿದ ಕಲ್ಲುಗಳನ್ನು ಪಂಚಾಯಿತಿ ಕಚೇರಿ ಎದುರು ಅಥವಾ ಬಸ್ ನಿಲ್ಲುವಲ್ಲಿ, ಹೆಸರು ಮೇಲೆ ಕಾಣುವಂತೆ ಸಾಲಾಗಿ ಪೇರಿಸಿ. ಕೆಳಗೆ ಎರಡು ಮರದ ತೊಲೆ ಕೊಡಿ, ಎದೆಮಟ್ಟಕ್ಕಿಂತ ಮೇಲೆ ಹೋಗಬೇಡಿ, ಮಕ್ಕಳು ಹತ್ತುತ್ತಾರೆ. ಮರುವರ್ಷ ಜೂನ್‌ನಲ್ಲಿ ಗಿಡ ಎಣಿಸಿ. ಹೊಸ ಚಿಗುರು ಬಿಟ್ಟ ಗಿಡದ ಕಲ್ಲನ್ನು ಆ ಹೆಸರಿನ ಮನೆಯವರು, ನೀರು ಹಾಕಿದ ಮನೆಯವರು ಸೇರಿ ಹೊತ್ತುಕೊಂಡು ಹೋಗಲಿ. ಸತ್ತದ್ದರ ಜಾಗಕ್ಕೆ ಉಳಿಸಿಟ್ಟ ಗಿಡ ನೆಡಿ. ಆ ಕಲ್ಲು ಇನ್ನೊಂದು ವರ್ಷ ರಾಶಿಯಲ್ಲೇ ಇರಲಿ. ಹೋಗಿಬರುವವರೆಲ್ಲ ಆ ಹೆಸರು ಓದುತ್ತಿರುವಾಗ ಟ್ಯಾಂಕರ್ ತರಿಸಲು ಯಾರಿಗೂ ಜ್ಞಾಪಿಸಬೇಕಾಗುವುದಿಲ್ಲ.

ಕಲ್ಲು ಬುಡದಿಂದ ಐದಡಿ ದೂರ ಇರಲಿ. ಹತ್ತಿರ ಹೂಳಿದರೆ ಬಲಿತ ಬೇರು ಅದನ್ನು ಎತ್ತಿ ವಾಲಿಸುತ್ತದೆ. ಎರಡಡಿ ನೆಲದೊಳಗೆ, ನಾಲ್ಕಡಿ ಮೇಲೆ. ಸುತ್ತ ಜಲ್ಲಿ, ಮಣ್ಣು ಹಾಕಿ ದಿಮ್ಮಸಿನಿಂದ ಗಟ್ಟಿಸಿ. ಸಿಮೆಂಟ್ ಹಾಕಬೇಡಿ, ವಾಲಿದರೆ ಅಗೆದು ನೆಟ್ಟಗೆ ಮಾಡಲು ಬರಬೇಕು. ಕಾಂಡ ಮಣಿಕಟ್ಟಿನಷ್ಟು ದಪ್ಪವಾದಾಗ ಗೂಟ ಬಿಚ್ಚಿ. ಬೇಲಿಯನ್ನು ಇನ್ನೊಂದು ವರ್ಷ ಬಿಟ್ಟು ತೆಗೆದರೆ ಸಾಕು, ಅಷ್ಟರಲ್ಲಿ ಚಿಗುರು ಹಸುವಿನ ಬಾಯಿಗೆ ಎಟುಕದಷ್ಟು ಮೇಲೆ ಹೋಗಿರುತ್ತದೆ.