ಥೈರಾಯ್ಡ್ ರಿಪೋರ್ಟಿನ ಕೊನೆಯ ಕಾಲಂ

ಕಲಬುರಗಿಯ ಒಂದು ಖಾಸಗಿ ಲ್ಯಾಬಿನಲ್ಲಿ ನಾನು ಹಾರ್ಮೋನ್ ಪರೀಕ್ಷೆಗಳ ವಿಭಾಗವನ್ನು ನೋಡಿಕೊಳ್ಳುತ್ತೇನೆ. ನಮ್ಮ ಭಾಗದಲ್ಲಿ ಸೇಡಂ, ಚಿತ್ತಾಪುರದ ಕಡೆಯವರು ಹೈದರಾಬಾದಿಗೆ, ಆಳಂದ, ಅಫಜಲಪುರದವರು ಸೊಲ್ಲಾಪುರಕ್ಕೆ ಹೋಗಿ ದೊಡ್ಡ ವೈದ್ಯರಿಗೆ ತೋರಿಸಿಕೊಂಡು ಬರುತ್ತಾರೆ. ಮುಂದಿನ ರಕ್ತಪರೀಕ್ಷೆಯನ್ನು ಖರ್ಚು ಉಳಿಯಲೆಂದು ಇಲ್ಲಿಯೇ ಮಾಡಿಸುತ್ತಾರೆ. ಹೀಗಾಗಿ ಎರಡು ಊರಿನ ರಿಪೋರ್ಟುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, "ಇದರಾಗ ಯಾವುದು ಖರೇರಿ, ಸರ್?" ಎಂದು ಕೇಳುವವರನ್ನು ನಾನು ಮೇಲಿಂದ ಮೇಲೆ ಕಂಡಿದ್ದೇನೆ.

ಅವರಲ್ಲಿ ಸೇಡಂ ಕಡೆಯ ಒಬ್ಬ ಶಿಕ್ಷಕಿಯನ್ನು ನಾನು ಮರೆಯಲಾರೆ. ಹೈದರಾಬಾದಿನ ರಿಪೋರ್ಟಿನಲ್ಲಿ ಅವರ ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನು, 15.4 ಇತ್ತು, ನಮ್ಮದರಲ್ಲಿ 1.2 ಬಂದಿತ್ತು. ಹಾರ್ಮೋನು ಪೂರ್ತಿ ಕುಸಿದಿದೆ ಎಂದು ಹೆದರಿದ ಅವರು ವೈದ್ಯರನ್ನು ಕೇಳದೆ 50 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆಯನ್ನು 100ಕ್ಕೆ ಏರಿಸಿಕೊಂಡು, ಕೆಲವು ವಾರಗಳ ನಂತರ "ಎದಿ ಡವಡವ ಅಂತದರಿ, ನಿದ್ದಿ ಹತ್ತವಲ್ದು" ಎನ್ನುತ್ತ ಬಂದರು. ವಾಸ್ತವದಲ್ಲಿ ಅವರ ಹಾರ್ಮೋನು ಇಳಿದೇ ಇರಲಿಲ್ಲ. ಅಲ್ಲಿಯವರು ಪ್ರತಿ ಲೀಟರಿಗೆ ಪೈಕೋಮೋಲ್ ಲೆಕ್ಕದಲ್ಲಿ ಬರೆದಿದ್ದರು, ನಾವು ಪ್ರತಿ ಡೆಸಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ ಬರೆದಿದ್ದೆವು. ನಮ್ಮ ಅಂಕಿಯನ್ನು 12.87ರಿಂದ ಗುಣಿಸಿದರೆ ಅವರ ಅಂಕಿಯೇ ಬರುತ್ತದೆ. ಈ ಒಂದು ಗುಣಾಕಾರವನ್ನು ರಿಪೋರ್ಟು ಕೊಡುವಾಗಲೇ ಯಾರಾದರೂ ಹೇಳಿದ್ದರೆ ಅವರು ಅಷ್ಟು ದಿನ ನರಳುತ್ತಿರಲಿಲ್ಲ ಎಂಬ ನೋವು ನನಗೆ ಈಗಲೂ ಇದೆ, ಏಕೆಂದರೆ ಆ ರಿಪೋರ್ಟನ್ನು ಕೊಟ್ಟವನು ನಾನೇ.

ಯೂನಿಟ್ ಬೇರೆಯಾದರೆ ಗುಣಿಸಿ ಸರಿಪಡಿಸಬಹುದು. ಯೂನಿಟ್ ಒಂದೇ ಇದ್ದು, ನಾರ್ಮಲ್ ಎಂದು ಮುದ್ರಿಸುವ ಮಿತಿ, ಅಂದರೆ ರೇಂಜ್, ಬೇರೆಯಾದಾಗ ವಿಷಯ ಸೂಕ್ಷ್ಮವಾಗುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನು) 4.5 ಬಂದಿದೆ ಎಂದುಕೊಳ್ಳಿ. ರೋಶ್ ಕಂಪನಿಯ ಕಿಟ್ಟಿನಲ್ಲಿ ವಯಸ್ಕರ ರೇಂಜ್ 0.27ರಿಂದ 4.2 ಇರುವುದರಿಂದ ಅಲ್ಲಿ ಅದು ಹೆಚ್ಚೆಂದು ದಪ್ಪಕ್ಷರದಲ್ಲಿ ಮುದ್ರಣವಾಗುತ್ತದೆ. ಅಬಾಟ್‌ನ ಆರ್ಕಿಟೆಕ್ಟ್ ಮಷೀನಿನಲ್ಲಿ ರೇಂಜ್ 0.35ರಿಂದ 4.94 ಇರುವುದರಿಂದ ಅದೇ ಅಂಕಿ ಸದ್ದಿಲ್ಲದೆ ನಾರ್ಮಲ್ ಸಾಲಿನಲ್ಲಿ ಕೂರುತ್ತದೆ. ಒಂದೊಂದು ಕಂಪನಿಯ ಕಿಟ್ಟಿನಲ್ಲಿ ಹಾರ್ಮೋನನ್ನು ಹಿಡಿಯುವ ಪ್ರತಿಕಾಯ ಬೇರೆ, ಅಳತೆಯನ್ನು ಹೊಂದಿಸುವ ಕ್ಯಾಲಿಬ್ರೇಟರ್ ಬೇರೆ, ರೇಂಜ್ ನಿಗದಿಗೆ ಆರಿಸಿಕೊಂಡ ಆರೋಗ್ಯವಂತರ ಗುಂಪೂ ಬೇರೆ. ಆ ಗುಂಪಿನ ನಡುವಿನ ನೂರಕ್ಕೆ ತೊಂಬತ್ತೈದು ಮಂದಿಯ ಫಲಿತಾಂಶಗಳು ಬೀಳುವ ಮಿತಿಯನ್ನೇ ರೇಂಜ್ ಎನ್ನುತ್ತಾರೆ. ಹಾಗಾದರೆ ಉಳಿದ ಐದು ಮಂದಿ ಆರೋಗ್ಯವಂತರಾಗಿದ್ದೂ ಗೆರೆಯ ಹೊರಗೆ ನಿಲ್ಲುತ್ತಾರೆ. ರೇಂಜ್ ಎಂದರೆ ರೋಗಕ್ಕೂ ಆರೋಗ್ಯಕ್ಕೂ ನಡುವೆ ಹಾಕಿದ ಬೇಲಿ ಎಂದು ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಂಬಿದ್ದೆ.

ನಮ್ಮ ಲ್ಯಾಬಿನಲ್ಲಿ ಮಷೀನ್ ಬದಲಾದಾಗ ಈ ನಂಬಿಕೆ ಪೂರ್ತಿ ಹೋಯಿತು. ಹೊಸ ಮಷೀನಿನ ಅಂಕಿಗಳ ಮುಂದೆ ಹಳೆಯ ಕಿಟ್ಟಿನ ರೇಂಜೇ ಎರಡು ದಿನ ಮುದ್ರಣವಾಗಿತ್ತು. ಸಾಫ್ಟ್‌ವೇರಿನಲ್ಲಿ ಅದನ್ನು ತಿದ್ದುವುದು ನನ್ನ ಕೆಲಸವಾಗಿತ್ತು, ನಾನು ತಿದ್ದಿರಲಿಲ್ಲ. ಗೊತ್ತಾದ ಕೂಡಲೇ ಆ ಎರಡು ದಿನದ ರೋಗಿಗಳಿಗೆಲ್ಲ ಫೋನ್ ಮಾಡಿ ರಿಪೋರ್ಟು ಬದಲಿಸಿಕೊಟ್ಟೆ. ಬಳಿಕ ಹೊಸ ರೇಂಜ್ ನಮ್ಮ ಜನರಿಗೆ ಹೊಂದುತ್ತದೆಯೇ ಎಂದು ನೋಡಲು ಸಿಬ್ಬಂದಿ ಮತ್ತು ಅವರ ಮನೆಯವರಲ್ಲಿ ಥೈರಾಯ್ಡ್ ತೊಂದರೆಯಿಲ್ಲದ 20 ಮಂದಿಯ ಒಪ್ಪಿಗೆ ಪಡೆದು ರಕ್ತ ತೆಗೆದೆವು. ಇಬ್ಬರಿಗಿಂತ ಹೆಚ್ಚು ಮಂದಿ ಹೊರಗೆ ಬೀಳದಿದ್ದರೆ ಕಂಪನಿಯ ರೇಂಜನ್ನು ಒಪ್ಪಬಹುದೆಂಬುದು ಲ್ಯಾಬುಗಳ ರೂಢಿಯ ನಿಯಮ. ನಮ್ಮಲ್ಲಿ ಒಬ್ಬರು ಮಾತ್ರ ಹೊರಗಿದ್ದರು. ಸ್ವಂತ ರೇಂಜನ್ನೇ ಕಟ್ಟಬೇಕೆಂದರೆ ಕನಿಷ್ಠ 120 ಮಂದಿ ಬೇಕು, ಅದು ನಮ್ಮಂಥ ಲ್ಯಾಬಿಗೆ ಸುಲಭವಲ್ಲ.

ಈಗ ರಕ್ತ ತೆಗೆಯುವ ಮೊದಲೇ ನಾನು ಕೆಲವು ವಿಷಯ ಕೇಳಿ ಬರೆದುಕೊಳ್ಳುತ್ತೇನೆ. ಟಿಎಸ್‌ಎಚ್ ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚಿದ್ದು ಮಧ್ಯಾಹ್ನ ಇಳಿಯುವುದರಿಂದ ಹಿಂದಿನ ಸಲ ಎಷ್ಟು ಗಂಟೆಗೆ ರಕ್ತ ಕೊಟ್ಟಿದ್ದರು, ಇವತ್ತು ಥೈರಾಯ್ಡ್ ಮಾತ್ರೆ ನುಂಗಿ ಬಂದಿದ್ದಾರೆಯೇ ಎಂದು ವಿಚಾರಿಸುತ್ತೇನೆ. ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ಗುಳಿಗೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಹೆಚ್ಚಾಗಿದ್ದಾರೆ. ಕೆಲವು ಕಿಟ್ಟುಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳಾಗಿ ಇಳಿಸಿ, ಫ್ರೀ ಟಿ4 ಅನ್ನು ಸುಳ್ಳಾಗಿ ಏರಿಸಿ ತೋರಿಸುತ್ತದೆ. ಗರ್ಭಿಣಿಯರಿಗೆ ಸಾಮಾನ್ಯ ವಯಸ್ಕರ ರೇಂಜ್ ಹೊಂದುವುದಿಲ್ಲವಾದ್ದರಿಂದ ಎಷ್ಟನೇ ತಿಂಗಳು ಎಂಬುದನ್ನು ಬರೆದೇ ವೈದ್ಯರಿಗೆ ಕಳಿಸುತ್ತೇನೆ.

ಆ ಶಿಕ್ಷಕಿಯ ಮಾತ್ರೆಯನ್ನು ವೈದ್ಯರು ಮತ್ತೆ 50ಕ್ಕೆ ಇಳಿಸಿದರು. ಎಂಟು ವಾರ ಬಿಟ್ಟು, ಬೆಳಿಗ್ಗೆ ಮಾತ್ರೆ ನುಂಗುವ ಮೊದಲು, ಅವರು ನಮ್ಮಲ್ಲಿಯೇ ರಕ್ತ ಕೊಟ್ಟರು. ರಿಪೋರ್ಟು ಕೈಗೆ ಬಂದಾಗ ಅವರು ಅಂಕಿಯನ್ನು ಓದುವ ಮೊದಲು ಕೊನೆಯ ಕಾಲಮಿನ ರೇಂಜಿನ ಮೇಲೆ, ಆಮೇಲೆ ಯೂನಿಟ್ ಮೇಲೆ ಬೆರಳಿಟ್ಟು, ಹಳೆಯ ಹಾಳೆಯೊಂದಿಗೆ ತಾಳೆ ನೋಡಿದರು.