ಅಗ್ಗದ ಪಾಯಿಂಟ್ 22 ಸಾಕೇ? ಅಗ್ಗದ್ದು, ದುಬಾರಿಯದು ಎರಡನ್ನೂ ಹಾರಿಸಿ ನಾನು ಕಂಡದ್ದು

ನನ್ನ ಮೊದಲ ಪಾಯಿಂಟ್ 22 (0.22 ಇಂಚಿನ ಸಣ್ಣ ಗುಂಡಿನ) ರೈಫಲ್ ತೀರಾ ಕಡಿಮೆ ಬೆಲೆಯದು. ಪ್ರತಿ ಈಡಿಗೂ ಬೋಲ್ಟನ್ನು ಕೈಯಿಂದ ಹಿಂದೆಳೆದು ಮುಂದೂಡುವ ಬೋಲ್ಟ್ ಆಕ್ಷನ್, ಭುಜಕ್ಕಾನಿಸುವ ಸ್ಟಾಕ್ ಪ್ಲಾಸ್ಟಿಕ್ಕಿನದು. 50 ಮೀಟರಿಗೆ ಐದು ಈಡು ಹೊಡೆದರೆ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಚೆದುರುತ್ತಿದ್ದವು. ರೈಫಲ್ಲೇ ಸರಿಯಿಲ್ಲ, ಮಾರಿಬಿಡೋಣ ಅಂದುಕೊಂಡಿದ್ದೆ. ರೇಂಜಿನಲ್ಲಿ ಹಿರಿಯರೊಬ್ಬರು ಕೇಳಿದರು, "ಯಾವ ಗುಂಡು ಹಾಕ್ತಿದ್ದೀಯಪ್ಪ?"

ನಾನು ಹಾಕುತ್ತಿದ್ದದ್ದು ಹೈ ವೆಲಾಸಿಟಿ. ಅದು ನಳಿಕೆಯಿಂದ ಹೊರಡುವಾಗ ಶಬ್ದಕ್ಕಿಂತ ವೇಗವಾಗಿರುತ್ತದೆ, ಹೆಚ್ಚುಕಡಿಮೆ ಗುರಿಯ ಹತ್ತಿರ ಬರುವಷ್ಟರಲ್ಲಿ ಆ ವೇಗದ ಗಡಿ ದಾಟಿ ಕೆಳಗಿಳಿಯುತ್ತದೆ. ಗುಂಡು ಅಲುಗಾಡುವುದು ಅಲ್ಲೇ. ಮೊದಲಿನಿಂದಲೂ ಶಬ್ದಕ್ಕಿಂತ ನಿಧಾನವಾದ, ಸೆಕೆಂಡಿಗೆ ಸುಮಾರು 325 ಮೀಟರ್ ವೇಗದ ಸ್ಟ್ಯಾಂಡರ್ಡ್ ವೆಲಾಸಿಟಿ ಹಾಕಿದೆ. ಗುಂಪು, ಅಂದರೆ ಐದು ತೂತುಗಳು ಹರಡಿದ ಜಾಗ, ಅರ್ಧಕ್ಕರ್ಧ ಚಿಕ್ಕದಾಯಿತು. ಆಮೇಲೆ ನಾಲ್ಕು ಬಗೆಯ ಗುಂಡು ತಂದು, ಒಂದೊಂದರಲ್ಲೂ ಐದೈದು ಗುಂಪು ಹೊಡೆದು ಬರೆದಿಟ್ಟೆ. ಗುಂಡು ಬದಲಿಸಿದಾಗ ಮೊದಲ ಹದಿನೈದಿಪ್ಪತ್ತು ಈಡು ಲೆಕ್ಕಕ್ಕೆ ಹಿಡಿಯಲಿಲ್ಲ. ಹೊಸ ಗುಂಡಿಗೆ ಸವರಿದ ಮೇಣ ನಳಿಕೆಯೊಳಗೆ ಕೂರಬೇಕು. ಒಂದೇ ಹೆಸರಿನ ಗುಂಡಾದರೂ ಲಾಟ್ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತು) ಬದಲಾದರೆ ಫಲಿತಾಂಶ ಬದಲಾಗುತ್ತದೆ. ಹಿಡಿಸಿದ ಲಾಟ್ ಸಿಕ್ಕಾಗ ಒಟ್ಟಿಗೆ ಕೊಂಡಿಡುವುದು ಆಗಿನಿಂದ ನನ್ನ ರೂಢಿ.

ಇನ್ನೊಂದು ಸಲ ಐದರಲ್ಲಿ ಮೂರು ಎಡಕ್ಕೆ, ಎರಡು ಬಲಕ್ಕೆ. ನೋಡಿದರೆ ಸ್ಟಾಕಿನ ಸ್ಕ್ರೂ ಸಡಿಲ. ಬಿಗಿ ಮಾಡಿದೆ, ಸರಿಹೋಯಿತು.

ಎರಡು ವರ್ಷದ ಮೇಲೆ ಸಿಝಡ್ 457 ಅನ್ನುವ ಪಾಯಿಂಟ್ 22 ರೈಫಲ್ ಕೊಂಡೆ. ಬೆಲೆ ಮೊದಲಿನದರ ಮೂರು ಪಟ್ಟು. ಅದೇ ಗುಂಡು ಹಾಕಿ ಬೆಂಚಿನ ಮೇಲಿಟ್ಟು ಹೊಡೆದಾಗ ಹಳೆಯದರ ಗುಂಪು 25 ಮಿಲಿಮೀಟರ್ ಆಸುಪಾಸು, ಹೊಸದರದು 15. ಕಾಗದದ ಮೇಲೆ ಕಂಡ ವ್ಯತ್ಯಾಸ ಇಷ್ಟೇ. 50 ಮೀಟರ್ ಸ್ಪರ್ಧೆಯ ಗುರಿಯಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್. ಸ್ಪರ್ಧೆಗೆ ಇಳಿಯುವವರಿಗೆ ಈ ಹತ್ತು ಮಿಲಿಮೀಟರ್ ವ್ಯತ್ಯಾಸ ದೊಡ್ಡದು, ಬರೀ ಖುಷಿಗೆ ಹೊಡೆಯುವವರಿಗೆ ಅಷ್ಟೇನೂ ಅಲ್ಲ.

ಆದರೆ ಟ್ರಿಗರ್! ಹಳೆಯದನ್ನು ಎಳೆದರೆ ಬೆರಳಿನಡಿ ಮರಳು ಉಜ್ಜಿದ ಹಾಗೆ ತಡೆತಡೆದು ಬರುತ್ತಿತ್ತು. ಯಾವ ಗಳಿಗೆಯಲ್ಲಿ ಬಿಡುತ್ತದೆ ಅನ್ನುವುದೇ ತಿಳಿಯದೆ ಭುಜ ತಾನಾಗಿಯೇ ಬಿಗಿಯುತ್ತಿತ್ತು. ಈಡು ತಪ್ಪಿದರೆ ತಪ್ಪು ನನ್ನದೋ ರೈಫಲ್ಲಿನದೋ ಗೊತ್ತಾಗುತ್ತಿರಲಿಲ್ಲ. ಹೊಸದರಲ್ಲಿ ಹಾಗಲ್ಲ. ಈಡು ಹಾರಿದ ಕ್ಷಣವೇ "ಇದು ಬಲಕ್ಕೆ ಹೋಯಿತು" ಅನ್ನಿಸುತ್ತದೆ, ಸ್ಕೋಪಿನಲ್ಲಿ ನೋಡಿದರೆ ತೂತು ಅಲ್ಲೇ ಇರುತ್ತದೆ. ನನ್ನ ತಪ್ಪು ನನಗೆ ಕಾಣಲು ಶುರುವಾದ ಮೇಲೇ ನಾನು ಕಲಿತದ್ದು. ಹೆಚ್ಚಿನ ದುಡ್ಡು ಕೊಟ್ಟದ್ದಕ್ಕೆ ನನಗೆ ದಕ್ಕಿದ್ದು ಇದು.

ಹಾಗಂತ ಮೊದಲೇ ದುಬಾರಿಯದು ಕೊಳ್ಳಿ ಅನ್ನಲಾರೆ. ಸ್ಯಾವೇಜ್ ಮಾರ್ಕ್ 2ರಂಥ ಕಡಿಮೆ ಬೆಲೆಯವುಗಳಲ್ಲೂ ನಾವೇ ಹಗುರ ಮಾಡಿಕೊಳ್ಳಬಹುದಾದ ಟ್ರಿಗರ್ ಇರುತ್ತದೆ. ಅಂಥದ್ದನ್ನು ಕೊಂಡು ಉಳಿದ ಹಣ ಗುಂಡಿಗೆ, ಸ್ಕೋಪಿಗೆ ಹಾಕಿ. ದೊಡ್ಡ ರೈಫಲ್ಲಿನ ಸ್ಕೋಪ್ (ಗುರಿ ನೋಡುವ ದುರ್ಬೀನು) ಸಾಮಾನ್ಯವಾಗಿ 100 ಗಜ ದೂರಕ್ಕೆ ಹೊಂದಿಸಿದ್ದು. 50 ಮೀಟರಿನಲ್ಲಿ ಕಣ್ಣು ಕೊಂಚ ಸರಿದರೂ ಸ್ಕೋಪಿನೊಳಗಿನ ಗುರಿಗೆರೆ ಗುರಿಯಿಂದ ಜರುಗಿದಂತೆ ಕಾಣುತ್ತದೆ. ಪಾಯಿಂಟ್ 22ಕ್ಕೆಂದೇ ಮಾಡಿದ್ದು, ಇಲ್ಲವೇ ಹೊಂದಿಸಿಕೊಳ್ಳಲು ಬರುವಂಥದ್ದು ಬೇಕು.

ಕೊಳ್ಳುವ ಮುನ್ನ ಬೋಲ್ಟ್ ತೆಗೆದು ಖಾಲಿ ಇದೆಯೆಂದು ಕಣ್ಣಾರೆ ನೋಡಿ, ಅಂಗಡಿಯವರನ್ನು ಕೇಳಿಯೇ ಟ್ರಿಗರ್ ಎಳೆಯಿರಿ. ಕೆಲವು ಪಾಯಿಂಟ್ 22ಗಳಲ್ಲಿ ಗುಂಡಿಲ್ಲದೆ ಎಳೆದರೆ ಗುಂಡನ್ನು ಸಿಡಿಸುವ ಪಿನ್ನು ನಳಿಕೆಯ ಹಿಂಬದಿಯ ಅಂಚಿಗೆ ಬಡಿದು ಗುಳಿ ಬೀಳುತ್ತದೆ.