ಹೆರಿಗೆ ನಿಂತಾಗ ನಾನು ಮೊದಲು ತಾಯಿಯನ್ನು ಹೊರಳಿಸುತ್ತೇನೆ

ಹೆರಿಗೆ ಮುಂದುವರಿಯದೆ ನಿಂತಾಗ ನಾನು ಮೊದಲು ಕೇಳುವುದು ಒಂದೇ. ತಾಯಿ ಎಷ್ಟು ಹೊತ್ತಿನಿಂದ ಹೀಗೇ ಅಂಗಾತ ಮಲಗಿದ್ದಾಳೆ? ಮಗು ಇಳಿಯುವಾಗ ಸೊಂಟದ ಹಿಂಭಾಗದ ಮೂಳೆ ತುಸು ಹಿಂದಕ್ಕೆ ಸರಿದು ದಾರಿ ಕೊಡಬೇಕು. ಮೈಭಾರವೆಲ್ಲ ಅದರ ಮೇಲೇ ಬಿದ್ದಿದ್ದರೆ ಅದು ಸರಿಯುವುದಾದರೂ ಹೇಗೆ?

ನಾನು ಜಾಸ್ತಿ ನೋಡುವ ತೊಂದರೆ ಮಗುವಿನ ಹಿಂದಲೆ ತಾಯಿಯ ಬೆನ್ನಿನ ಕಡೆ ಇರುವುದು. ಬೆನ್ನು ಮುರಿದು ಹೋಗುತ್ತಿದೆ ಅಂತ ತಾಯಿ ಒದ್ದಾಡುತ್ತಾಳೆ. ಆಗ ಮಂಡಿಯೂರಿ, ಕೈಯೂರಿ, ದಿಂಬುಗಳ ಮೇಲೆ ಎದೆಯಿಟ್ಟು ಸೊಂಟ ಮೆಲ್ಲಗೆ ಆಡಿಸಲು ಹೇಳುತ್ತೇನೆ. ಮಗು ತಿರುಗಿಯೇ ತಿರುಗುತ್ತದೆ ಅಂತ ಮಾತು ಕೊಡುವುದಿಲ್ಲ. ಆದರೆ ಬೆನ್ನುನೋವು ಇಳಿಯುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಸುಸ್ತಾದವಳನ್ನು ಮಗ್ಗುಲಿಗೆ ಮಲಗಿಸಿ ಮಂಡಿಗಳ ನಡುವೆ ದಿಂಬು ಇಡುತ್ತೇನೆ. ಭಂಗಿ ಬದಲಿಸಿದಾಗಲೆಲ್ಲ ಮಗುವಿನ ಎದೆಬಡಿತ ಕೇಳಲೇಬೇಕು. ಅದು ಕುಸಿದರೆ, ಇಲ್ಲವೇ ಮಗು ಇಳಿಯದೇ ಇದ್ದರೆ, ಡಾಕ್ಟರನ್ನು ಕರೆಯಲು ತಡಮಾಡುವುದಿಲ್ಲ.

ಮುಕ್ಕುವ ಹೊತ್ತಿಗೆ ಸುತ್ತ ಇರುವವರೆಲ್ಲ ಮಂಡಿ ಅಗಲಿಸು ಅನ್ನುತ್ತಾರೆ, ಅಲ್ವಾ? ಕೆಳಗಿನ ದಾರಿ ಅಗಲವಾಗಬೇಕಿದ್ದರೆ ಮಂಡಿ ಹತ್ತಿರ ತಂದು ಹಿಮ್ಮಡಿಗಳನ್ನು ಹೊರಕ್ಕೆ ಇಡಿಸಿ ನೋಡಿ.

ನಿಜವಾಗಿ ಎದೆ ನಡುಗಿಸುವುದು ಮಗುವಿನ ಭುಜ ತಾಯಿಯ ಸೊಂಟದ ಮುಂಭಾಗದ ಮೂಳೆಯ ಹಿಂದೆ ಸಿಕ್ಕಿಕೊಳ್ಳುವುದು. ತಲೆ ಹೊರಬಂದು, ಮತ್ತೆ ಒಳಕ್ಕೆ ಎಳೆದುಕೊಂಡಂತೆ ಕೆನ್ನೆ ಒತ್ತಿ ನಿಲ್ಲುತ್ತದೆ. ಕೈಯಲ್ಲಿರುವುದು ಕೆಲವೇ ನಿಮಿಷ. ಜನರನ್ನು ಕೂಗುತ್ತೇನೆ, ಗಡಿಯಾರ ನೋಡಿ ಸಮಯ ಬರೆಸುತ್ತೇನೆ, "ಈಗ ಮುಕ್ಕಬೇಡ ತಾಯಿ" ಅನ್ನುತ್ತೇನೆ. ಇಬ್ಬರು ಎರಡೂ ತೊಡೆಗಳನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಾರೆ. ಸೊಂಟ ಓರೆಯಾಗಿ, ಎಷ್ಟೋ ಸಲ ಅಷ್ಟಕ್ಕೇ ಭುಜ ಸಡಿಲವಾಗುತ್ತದೆ. ಜೊತೆಗೆ ಇನ್ನೊಬ್ಬರು ಆ ಮುಂಭಾಗದ ಮೂಳೆಯ ಸ್ವಲ್ಪ ಮೇಲೆ ಅಂಗೈಯಿಂದ ಒತ್ತುತ್ತಾರೆ. ಹೊಟ್ಟೆಯ ಮೇಲ್ಭಾಗ ಒತ್ತಲು ಯಾರಿಗೂ ಬಿಡುವುದಿಲ್ಲ, ಭುಜ ಇನ್ನೂ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ತಲೆ ಹಿಡಿದು ಜಗ್ಗುವುದಂತೂ ಬೇಡವೇ ಬೇಡ, ತೋಳಿನ ನರ ಹರಿದೀತು.

ಅಷ್ಟಕ್ಕೂ ಬರದಿದ್ದರೆ, ತಾಯಿಗೆ ಹೊರಳುವ ಶಕ್ತಿ ಇದ್ದರೆ, ಕೈ ಮತ್ತು ಮಂಡಿಗಳ ಮೇಲೆ ಹೊರಳಿಸುತ್ತೇನೆ. ಹೊರಳುವ ಆ ಚಲನೆಯಲ್ಲೇ ಭುಜ ಬಿಟ್ಟುಕೊಳ್ಳುವುದುಂಟು. ತಾಯಿಯ ಬೆನ್ನುಮೂಳೆ ಕಡೆಯ ಭುಜ ಈಗ ಮೇಲಿರುತ್ತದೆ, ಅದನ್ನೇ ಮೊದಲು ಹೊರತರುತ್ತೇನೆ. ಅಮೆರಿಕದ ಸೂಲಗಿತ್ತಿ ಐನಾ ಮೇ ಗ್ಯಾಸ್ಕಿನ್ ಈ ವಿಧಾನಕ್ಕೆ ಹೆಸರಾದವರು. ಅದರ ಮೂಲ ಗ್ವಾಟೆಮಾಲಾದ ಸೂಲಗಿತ್ತಿಯರ ಕೈಚಳಕ. 1998ರಲ್ಲಿ ಪ್ರಕಟವಾದ ವರದಿಯಲ್ಲಿ ಇಂಥ 82 ಹೆರಿಗೆಗಳ ಲೆಕ್ಕವಿದೆ. ಅವುಗಳಲ್ಲಿ 68 ಬೇರೆ ಯಾವ ಉಪಾಯವೂ ಬೇಡದೆ ಮುಗಿದಿದ್ದವು. ಅದನ್ನು ಓದಿದಾಗ ನನಗೆ ತುಂಬಾ ಹೆಮ್ಮೆಯಾಯಿತು.

ಮಗು ಅತ್ತ ಮೇಲೂ ಕೆಲಸ ಇದೆ. ಎರಡೂ ಕೈ ಸಮನಾಗಿ ಆಡಿಸುತ್ತಿದೆಯಾ, ತಾಯಿಗೆ ರಕ್ತಸ್ರಾವ ಜಾಸ್ತಿ ಇದೆಯಾ ಅಂತ ನೋಡುತ್ತೇನೆ. ಭುಜ ಸಿಕ್ಕಿದ್ದ ವಿಷಯವನ್ನು ಅವಳ ಚೀಟಿಯಲ್ಲಿ ತಪ್ಪದೆ ಬರೆಸುತ್ತೇನೆ, ಯಾಕಂದರೆ ಮುಂದಿನ ಹೆರಿಗೆಯಲ್ಲೂ ಹಾಗಾಗುವ ಸಾಧ್ಯತೆ ಅವಳಿಗೆ ಬೇರೆಯವರಿಗಿಂತ ಜಾಸ್ತಿ.